ಅತ್ತೆಯ ಅವಲಕ್ಕಿಗೆ ಬಿದ್ದ ಟಿಂಚರ್

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಹೊಸನಗರದ ಬಾಡಿಗೆ ಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು: ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ. ಅತ್ತೆಯ ಗಂಡನ ಮನೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಅವಳು ಒಂದು ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಗಂಡನೆಂಬವನು ಅವಳಿಗೆ ಹದಿಮೂರು ತುಂಬುವುದರೊಳಗೇ ಹೋಗಿದ್ದ. ಅಂದಿನಿಂದ ಅವಳದು ಒಪ್ಪತ್ತು. ಮಧ್ಯಾಹ್ನ ಒಂದು ಸಲ ಅನ್ನ. ಸಂಜೆ ಫಲಾಹಾರವೆಂದು ಒಂದು ಬಟ್ಟಲು ಅವಲಕ್ಕಿ, ಮಜ್ಜಿಗೆ, ಒಂದು ಚೂರು ಬೆಲ್ಲ. ಅನ್ನ ಮುಸುರೆ, ಮುಟ್ಟಿದರೆ ಕೈ ತೊಳೆಯಬೇಕು, ಗಂಡನಿಲ್ಲದವಳು ಅದನ್ನು ದಿನಕ್ಕೆ ಎರಡು ಸಲ ಉಣ್ಣುವಂತಿಲ್ಲ. ಅವಲಕ್ಕಿ ಮುಸುರೆಯಲ್ಲ. ಅದೂ ಅಕ್ಕಿಯೇ ಅಲ್ಲವೇ ಎಂದರೆ ಅಮ್ಮ, "ಅಲ್ಲ ಅಂದ್ರೆ ಅಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ವರ್ಷ ನಮಗೆ ಜೀವಶಾಸ್ತ್ರ ಹೇಳಲು ತೀರ್ಥಹಳ್ಳಿ ಕಡೆಯ ಗೌಡರ ಮನೆತನದ ಮೇಷ್ಟ್ರೊಬ್ಬರು ಬಂದರು. ಮನುಷ್ಯ, ಕಪ್ಪೆ, ಹಲಸಿನ ಮರ ಎಲ್ಲವೂ ಜೀವಕೋಶಗಳಿಂದಲೇ ಆದವು, ಆ ಕೋಶಗಳೊಳಗೂ ಮುಖ್ಯವಾಗಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಎಂದರು. ನನಗೆ ಪಾಠ ತಿಳಿಯಲಿಲ್ಲ ಎಂದಲ್ಲ, ನಂಬಿಕೆ ಬರಲಿಲ್ಲ. ಇಷ್ಟೇ ನಾಲ್ಕು ಸಾಮಾನಿನಲ್ಲಿ ಕಪ್ಪೆಯೂ ಆಗಿ ನಾನೂ ಆಗುವುದು ಹೇಗೆ? ಆಮೇಲೆ ಅವರು ಅನ್ನದ ಗಂಜಿಗೆ ಅಯೋಡಿನ್ ಹನಿಸಿದರು. ಗಂಜಿ ಕಡುನೀಲಿಯಾಯಿತು. ನೀಲಿ ಬಂದರೆ ಅಲ್ಲಿ ಪಿಷ್ಟ ಇದೆ ಎಂದರ್ಥ, ಗಿಡ ಬಿಸಿಲಲ್ಲಿ ನಿಂತು ಗಾಳಿ ನೀರಿನಿಂದ ಅದನ್ನು ಮಾಡಿಕೊಳ್ಳುತ್ತದೆ ಎಂದು ಬರೆಸಿದರು. ನಾನು ಬರೆದುಕೊಂಡೆ. ತಲೆಯೊಳಗೆ ಮಾತ್ರ ಅತ್ತೆಯ ಅವಲಕ್ಕಿ ಬಟ್ಟಲು ಕೂತಿತ್ತು.

ಮನೆಯಲ್ಲಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಇತ್ತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದವಳೇ ಬಾಳೆಲೆಯ ಚೂರಿನ ಮೇಲೆ ಒಂದು ಕಡೆ ನಾಲ್ಕು ಅಗುಳು ಅನ್ನ, ಇನ್ನೊಂದು ಕಡೆ ಒಂದು ಚಿಟಿಕೆ ಅವಲಕ್ಕಿ ಇಟ್ಟು, ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಯೆದುರು ಕೂತೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಎರಡೂ ಒಂದೇ ಎಂದು ತೋರಿಸಿಬಿಟ್ಟರೆ ಅತ್ತೆ ರಾತ್ರಿಯೂ ನಮ್ಮ ಜೊತೆ ಕೂತು ಬಿಸಿ ಅನ್ನ ಉಣ್ಣಬಹುದು. ಹನಿ ಹಾಕಿದೆ. ಎರಡೂ ನೀಲಿಯಾದವು.

"ಎರಡೂ ಒಂದೇ ಹೇಳಿ ಆತನೆ?" ಎಂದು ಅತ್ತೆ ಬಗ್ಗಿ ನೋಡಿದಳು.

"ಹೌದು ಅತ್ತೆ, ಎರಡೂ ಒಂದೇ!"

"ಹಂಗಾರೆ ಇಷ್ಟು ವರ್ಷ ನಾ ದಿನಾ ರಾತ್ರಿ ಮುಸುರೆ ತಿಂದಾಂಗಾತು" ಎಂದಳು. ಅವತ್ತು ಸಂಜೆ ಅವಲಕ್ಕಿ ಬಟ್ಟಲನ್ನು ಮುಟ್ಟಲಿಲ್ಲ.

ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಪ್ರಯೋಗ ಸರಿ, ಫಲಿತಾಂಶ ಸರಿ, ತೀರ್ಮಾನ ಮಾತ್ರ ತಲೆಕೆಳಗು. ಅದಕ್ಕಿಂತ ಕಷ್ಟವಾದದ್ದು ಮರುದಿನದಿಂದ ಅತ್ತೆಗೆ ಹಿಡಿದ ಉತ್ಸಾಹ. ಒಂದೊಂದೇ ವಸ್ತು ತಂದು, "ಇದಕ್ಕೂ ಒಂದು ಹನಿ ಹಾಕು ಕೂಸೆ" ಎನ್ನತೊಡಗಿದಳು. ಗೆಣಸು ನೀಲಿ. ಬಾಳೆಕಾಯಿ ನೀಲಿ. ಉಪವಾಸಕ್ಕೆಂದೇ ತಂದಿಟ್ಟ ಸಾಬಕ್ಕಿಯಂತೂ ನೋಡುವ ಮೊದಲೇ ನೀಲಿ. ಹಾಲು, ಬೆಲ್ಲ, ತೆಂಗಿನಕಾಯಿ ಪಾಸಾದವು. ಅವಳ ಸಂಜೆಯ ಫಲಾಹಾರ ಒಂದು ಲೋಟ ಹಾಲಿಗೆ ಇಳಿಯಿತು. ನಮ್ಮ ಶಾಲೆಯಲ್ಲಿ ಯಾರೂ ಅಷ್ಟು ಶ್ರದ್ಧೆಯಿಂದ ಪ್ರಯೋಗ ಮಾಡಿದವರಿರಲಿಲ್ಲ.

"ಓದ್ಲಿ ಹೇಳಿ ಕಳ್ಸಿದ್ರೆ ಅತ್ತೆ ಹೊಟ್ಟೆ ಮೇಲೆ ಹೊಡೀತು ನೋಡು ಈ ಕೂಸು" ಎಂದು ಅಮ್ಮ ನನ್ನ ಮೇಲೆ ಹರಿಹಾಯ್ದಳು. ಅಪ್ಪ ಮುಳುಗಡೆಯ ಫೈಲೊಂದನ್ನು ಬಿಡಿಸಿಕೊಂಡು ಅದರೊಳಗೆ ಮುಖ ಹುದುಗಿಸಿದ.

ಮೇಷ್ಟ್ರನ್ನು ಕೇಳಿದೆ. "ಪಿಷ್ಟ ಅಂದ್ರೆ ಪಿಷ್ಟ ಕಣಮ್ಮ. ಬೇಯ್ಸಿದ್ರೂ ಅದೇ, ಕುಟ್ಟಿದ್ರೂ ಅದೇ. ಮುಸುರೆ ಗಿಸುರೆ ಎಲ್ಲ ನಮ್ ಪುಸ್ತಕದಲ್ಲಿಲ್ಲ" ಎಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಬಾಯಿಯ ಜೊಲ್ಲು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ, ಆಗ ನೀಲಿ ಬರುವುದಿಲ್ಲ ಎಂದೂ ಹೇಳಿದರು. ನಾನು ಕುಣಿದುಕೊಂಡು ಮನೆಗೆ ಬಂದೆ. ಬಾಯಿಗೆ ಹೋದ ಮೇಲೆ ಅವಲಕ್ಕಿ ಅವಲಕ್ಕಿಯಾಗಿಯೇ ಉಳಿಯುವುದಿಲ್ಲವಲ್ಲ! ಚೆನ್ನಾಗಿ ಅಗಿದ ಅವಲಕ್ಕಿಯನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದು ಬಾಳೆಲೆಯ ಮೇಲೆ ಉಗಿದು ಅತ್ತೆಗೆ ತೋರಿಸಿದೆ. "ಶಿವಶಿವಾ, ಎಂಜಲು!" ಎಂದು ಅವಳು ಸೆರಗು ಒಟ್ಟಿಕೊಂಡು ಎದ್ದೇಬಿಟ್ಟಳು. ನನ್ನ ದಡ್ಡತನಕ್ಕೆ ನನಗೇ ಅಳು ಬಂತು.

ಎರಡನೇ ವಾರ ಅತ್ತೆ ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದುಕೊಂಡೇ ಕುಸಿದು ಕೂತಳು. ಕಣ್ಣು ಕತ್ತಲೆ ಬಂತಂತೆ. "ಎಂತದೂ ಇಲ್ಲೆ, ಪಿತ್ತ" ಎಂದಳು. ಅವಳ ಕೈ ಹಿಡಿದು ಎಬ್ಬಿಸಿದಾಗ ಮಣಿಕಟ್ಟು ನನ್ನ ಹೆಬ್ಬೆರಳು ತೋರುಬೆರಳಿನ ನಡುವೆ ಸಿಕ್ಕಿಬಿಟ್ಟಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವಳು ಸತ್ತರೆ ಕೊಂದವಳು ನಾನೇ ಎಂದುಕೊಂಡೆ.

ಮರುದಿನ ಅಮ್ಮ ಅಪ್ಪನ ಡಬ್ಬಿಗೆ ಲಿಂಬೆಹುಳಿ ಹಿಂಡಿ ಅವಲಕ್ಕಿ ಕಲಸಿದ್ದಳು. ಉಳಿದದ್ದಕ್ಕೆ ನಾನು ಅಭ್ಯಾಸಬಲದಿಂದ ಒಂದು ಹನಿ ಹಾಕಿದೆ. ನೀಲಿ ಮೂಡಿದಂತೆ ಮಾಡಿ ಮಾಯವಾಯಿತು. ಇನ್ನಷ್ಟು ಹಿಂಡಿ ಮತ್ತೆ ಹಾಕಿದೆ. ಬಣ್ಣವೇ ಇಲ್ಲ. ಯಾಕೆಂದು ತಿಳಿಯಲಿಲ್ಲ, ತಿಳಿಯುವ ತಾಳ್ಮೆಯೂ ಇರಲಿಲ್ಲ. ಲಿಂಬೆರಸ ಕೆಲಸ ಮಾಡುವುದು ಅಯೋಡಿನ್ ಮೇಲೆ, ಪಿಷ್ಟ ಇದ್ದಲ್ಲೇ ಇರುತ್ತದೆ ಎಂಬುದು ಗೊತ್ತಾಗುವಷ್ಟರಲ್ಲಿ ನಾನೂ ಮಕ್ಕಳಿಗೆ ಪಾಠ ಹೇಳುವವಳಾಗಿದ್ದೆ.

ಸಂಜೆ ಒಂದು ಬಟ್ಟಲು ಅವಲಕ್ಕಿಗೆ ಲಿಂಬೆಹುಳಿ ಹಿಂಡಿ, ಅದರಿಂದ ಒಂದು ಚಿಟಿಕೆ ಬೇರೆ ತೆಗೆದು ಅತ್ತೆಯೆದುರೇ ಹನಿ ಹಾಕಿದೆ.

"ಬಣ್ಣ ಎಲ್ಲಿ ಹೋತೇ?"

"ಗೊತ್ತಿಲ್ಲೆ ಅತ್ತೆ. ಹೋತು."

"ಹಂಗಾರೆ ಇದು ಅನ್ನ ಅಲ್ಲ."

"ಅಲ್ಲ" ಎಂದೆ.

ಅವಳು ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. ತಿನ್ನಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಅನ್ನ ಬಸಿಯುತ್ತಿದ್ದಳು, ಅದರ ಹಬೆಯ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಅತ್ತೆ ಒಮ್ಮೆ ಆ ಕಡೆ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರಕ್ಕೆ ಬಾಗಿ, ನಾನು ಯಾವತ್ತೂ ಕೇಳಿರದ ಸಣ್ಣ ದನಿಯಲ್ಲಿ, "ಕೂಸೆ, ಅನ್ನಕ್ಕೆ ಲಿಂಬೆಹುಳಿ ಹಿಂಡಿರೆ?" ಎಂದಳು.

ನಾನು ಇದನ್ನೆಲ್ಲ ಶುರು ಮಾಡಿದ್ದೇ ಇದಕ್ಕಾಗಿ. ಹೌದು ಅನ್ನುವುದೊಂದೇ ಬಾಕಿ. ಆದರೆ ಐವತ್ತು ದಾಟಿದ ಹೆಂಗಸಿನ ಬಾಯಲ್ಲಿ ನನಗೆ ಕೇಳಿಸಿದ್ದು ಹದಿಮೂರರ ಹುಡುಗಿಯ ದನಿ. ಅಮ್ಮ ಏನನ್ನುತ್ತಾಳೆ, ನಾಳೆ ಇವಳೇ ಪಾಪವೆಂದು ಅತ್ತರೆ ಏನು ಮಾಡಲಿ, ಒಂದೂ ಬಗೆಹರಿಯಲಿಲ್ಲ.

"ಅನ್ನಕ್ಕೆ ಆಗ್ತಿಲ್ಲೆ ಅತ್ತೆ" ಎಂದೆ. ನಾನು ಅನ್ನಕ್ಕೆ ಲಿಂಬೆ ಹಿಂಡಿ ನೋಡಿಯೇ ಇರಲಿಲ್ಲ.

"ಅಡ್ಡಿಲ್ಲೆ" ಎಂದು ಅತ್ತೆ ತಲೆ ಬಗ್ಗಿಸಿಕೊಂಡು ಅವಲಕ್ಕಿಯನ್ನು ಪೂರ್ತಿ ತಿಂದಳು. ಒಳಗಿನಿಂದ ಅಮ್ಮ ನನ್ನನ್ನು ಊಟಕ್ಕೆ ಕರೆದಳು. ನಾನು ಹೋಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ.