ಬಾಳಪ್ಪನ ಟೆಂಪೊ, ನನ್ನ ಉಸಿರು

ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಹಿಂಡಿ ಮೂಗಿಗೊತ್ತಿಕೊಂಡು ಟೆಂಪೊ ಹತ್ತುವುದು ತೊಂಬತ್ತರ ದಶಕದಲ್ಲಿ ನನ್ನ ನಿತ್ಯಕರ್ಮವಾಗಿತ್ತು, ಗೆಳೆಯರೇ. ಐನಾಪುರದಿಂದ ಜುಗೂಳದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಹೊತ್ತಿಗೆ ಸರಿಯಾಗಿ ಮುಟ್ಟಿಸಲು ಇದ್ದದ್ದು ಬಾಳಪ್ಪನ ಮೂರು ಗಾಲಿಯ ಟೆಂಪೊ ಒಂದೇ. ನನಗೋ ಚಿಕ್ಕಂದಿನಿಂದ ದಮ್ಮಿನ ಕಾಯಿಲೆ. ಆ ಹೊಗೆಯಲ್ಲಿ ಕೂತರೆ ಎದೆ ಕಟ್ಟುತ್ತಿತ್ತು, ಕೂರದಿದ್ದರೆ ನೌಕರಿ ಹೋಗುತ್ತಿತ್ತು. "ಒಂದು ಹೊಗಿ ಬಿಡ್ರಿ, ಇಲ್ಲಾ ನೌಕರಿ ಬಿಡ್ರಿ" ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. ಹೊಗೆ ಬಿಡುತ್ತಿದ್ದವಳು ನಾನೇ? ಬಾಳಪ್ಪ ಅಲ್ಲವೇ!

ಬಾಳಪ್ಪನದು ತಲೆತಲಾಂತರದಿಂದ ಬೆಲ್ಲದ ಗಾಣ ನಡೆಸಿದ ಮನೆತನ. ಕೊಪ್ಪರಿಗೆಯ ಕೆಳಗಿನ ಒಲೆ ದಟ್ಟ ಹೊಗೆ ಕಾರಿದರೇ ಬೆಂಕಿ ಜೋರು, ಬೆಲ್ಲ ಪಸಂದು ಎಂದು ಕಂಡು ಬೆಳೆದವನು, ಇಂಜಿನ್ನಿಗೂ ಅದೇ ನ್ಯಾಯ ಎಂದು ನಂಬಿ ಪಂಪಿನ ಸ್ಕ್ರೂ ತಿರುವಿ ಡೀಸೆಲ್ಲನ್ನು ಬೇಕಾದ್ದಕ್ಕಿಂತ ಹೆಚ್ಚೇ ಕುಡಿಸುತ್ತಿದ್ದ. "ಹೊಗಿ ಇಲ್ಲದ ಗಾಡಿ ಅಂದ್ರ ಮೀಸಿ ಇಲ್ಲದ ಗಂಡಸರಿ, ಅಕ್ಕಾರ" ಎನ್ನುತ್ತಿದ್ದ ಮಹಾನುಭಾವ.

ವಾಹನಗಳ ಹೊಗೆಗೆ ಮಿತಿ ಹಾಕುವ ಕಾನೂನು ದಿಲ್ಲಿಯಲ್ಲಿ ಆಗಿದೆಯೆಂದು ಪತ್ರಿಕೆಯಲ್ಲಿ ಓದಿ ನಕ್ಕಿದ್ದೆ. ದಿಲ್ಲಿ ಎಲ್ಲಿ, ಜುಗೂಳ ಎಲ್ಲಿ! ಆದರೆ ಅದು ಚಿಕ್ಕೋಡಿಯ ಸಾರಿಗೆ ಕಚೇರಿಯವರೆಗೆ ಬಂದೇ ಬಂತು. ಹೊಗೆ ಪರೀಕ್ಷೆಗೆ ಕರೆ ಬಂದಾಗ ಬಾಳಪ್ಪ ಗಾಡಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು ಹೊರಟ. ಪರೀಕ್ಷೆ ಎಂದ ಮೇಲೆ ಹೆಚ್ಚು ಬಂದಷ್ಟೂ ಒಳ್ಳೆಯದಲ್ಲವೇ? ಅಲ್ಲಿ ಯಂತ್ರ ಹಚ್ಚಿದ್ದೇ ತಡ, ಆಕ್ಸಿಲರೇಟರ್ ಒತ್ತಿಹಿಡಿದು ಗಾಡಿಯ ತಾಕತ್ತನ್ನೆಲ್ಲ ತೋರಿಸಿಬಿಟ್ಟನಂತೆ. ಅಧಿಕಾರಿಯ ಬಿಳಿ ಅಂಗಿ ಕಪ್ಪಾಯಿತು. ದುರಸ್ತಿಯಾಗುವ ತನಕ ಗಾಡಿ ರಸ್ತೆಗಿಳಿಸಕೂಡದೆಂದು ತಾಕೀತಾಯಿತು.

ಟೆಂಪೊ ನಿಂತಿತು. ಕಬ್ಬಿನ ಟ್ರ್ಯಾಕ್ಟರಿನವರನ್ನೂ ಹಾಲಿನ ಗಾಡಿಯವರನ್ನೂ ಕಾಡಿಬೇಡಿ ಶಾಲೆ ಮುಟ್ಟುವಷ್ಟರಲ್ಲಿ ಮೊದಲ ತಾಸು ಮುಗಿದಿರುತ್ತಿತ್ತು. "ಹಿಂಗಾದ್ರ ಬ್ಯಾರೇದವರನ್ನ ನೋಡಬೇಕಾಗ್ತದರಿ" ಎಂದು ಮುಖ್ಯೋಪಾಧ್ಯಾಯರು ಎಚ್ಚರಿಸಿದರು. ಎದೆ ಹಗುರಾಗಿತ್ತು, ನೌಕರಿ ಅಲ್ಲಾಡುತ್ತಿತ್ತು. ಆ ಕಾನೂನಿಗೆ ಕೈ ಮುಗಿಯಲೋ ಶಾಪ ಹಾಕಲೋ ತಿಳಿಯದೆ ಒದ್ದಾಡಿದೆ.

ಇಂದು ಕೈ ಮುಗಿಯುತ್ತೇನೆ. ಭೂಮಿ ಬಿಸಿಯಾಗುತ್ತಿದೆ, ಗಾಡಿಗಳ ಹೊಗೆಯೂ ಅದಕ್ಕೆ ಕಾರಣ ಎಂದು ಪತ್ರಿಕೆಗಳು ಆಗತಾನೆ ಬರೆಯತೊಡಗಿದ್ದವು. ಲೋಕದ ಜ್ವರ ಇಳಿಸುವುದು ಆ ಪುಟ್ಟ ಕಾನೂನಿಗೆ ಸಾಧ್ಯವಿರಲಿಲ್ಲ, ನಿಜ. ಆದರೆ ಎಲ್ಲೋ ಕೂತು ಯಾರೋ ಬರೆದ ನಾಲ್ಕು ಸಾಲು ಬೆಟ್ಟ ಹೊಳೆ ದಾಟಿ ಬಂದು ಬಾಳಪ್ಪನ ಪಂಪಿನ ಸ್ಕ್ರೂವನ್ನು ತಿರುಗಿಸಿತಲ್ಲ, ನನ್ನ ಹೆಸರೂ ಅರಿಯದ ಅವರ ಋಣ ನನ್ನ ಉಸಿರಿನ ಮೇಲಿದೆ.

ಅಥಣಿಯ ಮೇಸ್ತ್ರಿಯಿಂದ ಇಂಜಿನ್ ಸರಿ ಮಾಡಿಸಿ, ಪರೀಕ್ಷೆಯಲ್ಲಿ ಪಾಸಾಗಿ, ಬಾಳಪ್ಪ ಮುಖ ಸಪ್ಪಗೆ ಮಾಡಿಕೊಂಡೇ ಮರಳಿ ಬಂದ. ಅಂದು ಹಿಂದಿನ ಸೀಟಿನಲ್ಲಿ ಕೂತವಳು ಪಕ್ಕದ ಹೆಂಗಸರೊಂದಿಗೆ ಕಬ್ಬಿನ ಸುದ್ದಿ, ಮಕ್ಕಳ ಸುದ್ದಿ, ನಾದಿನಿಯ ಮದುವೆಯ ಸುದ್ದಿ ಎಂದು ದಾರಿಯುದ್ದಕ್ಕೂ ಹರಟಿದೆನೆಂಬುದು ಜುಗೂಳ ಬಂದ ಮೇಲೇ ನನಗೆ ಅರಿವಾದದ್ದು. ಬಾಳಪ್ಪ ಇಂಜಿನ್ ಆರಿಸಿ ಹಿಂದಕ್ಕೆ ತಿರುಗಿದ.

"ಅಕ್ಕಾರ, ಇಷ್ಟು ವರ್ಷ ನೀವು ದೊಡ್ಡಸ್ತಿಕಿಗೆ ಮಾತಾಡೂದಿಲ್ಲ ಅಂತ ತಿಳ್ಕೊಂಡಿದ್ನರಿ. ನನ್ನ ಹೊಗಿ ನಿಮ್ಮ ಬಾಯಿ ಕಟ್ಟಿತ್ತೇನ್ರಿ?"

ನಾನು ಹೌದೆಂದು ತಲೆಯಾಡಿಸಿದೆ. ಅವನು ತನ್ನ ಪಕ್ಕದ ಸೀಟಿನ ಧೂಳನ್ನು ಟವೆಲ್ಲಿನಿಂದ ಝಾಡಿಸಿದ.

"ನಾಳಿಂದ ಇಲ್ಲೇ ಮುಂದ ಕೂಡ್ರಿ. ಅಷ್ಟು ಹಿಂದ ಕೂತ್ರ ನಿಮ್ಮ ಮಾತು ನನಗ ಅರ್ಧಾನ ಕೇಳಸ್ತಾವು."