ಬೀಗರೂಟದ ಪಟ್ಟಿಯ ಕೊನೆಯ ಸೆಲ್

ನನ್ನ ಮದುವೆಯ ಬೀಗರೂಟಕ್ಕೆ ಬರುವವರ ಪಟ್ಟಿಯನ್ನು ಅಣ್ಣ ಎಕ್ಸೆಲ್ಲಿನಲ್ಲಿ ಮಾಡಿದ. ಬಾಡು, ಅಂದರೆ ಮಾಂಸ, ತಿನ್ನುವವರ ಹೆಸರಿಗೆ ಕೆಂಪು, ತಿನ್ನದ ಸಿಹಿಯೂಟದವರಿಗೆ ಹಸಿರು ಬಳಿದು, ನೋಡಿ ಹೇಳಿ ಎಂದು ನನಗೂ, ನನಗೆ ನಿಶ್ಚಯವಾಗಿದ್ದ ಹುಡುಗನಿಗೂ ಮೂವರೂ ಅದರಲ್ಲೇ ಬರೆಯಬಹುದಾದ ಲಿಂಕ್ ಕಳಿಸಿದ. ನೋಡುವುದೇನು ಬಂತು! ನಾವಿಬ್ಬರೂ ಹುಟ್ಟಿನಿಂದ ಕುರುಡರು. ನಮ್ಮ ಕಂಪ್ಯೂಟರು ಅಕ್ಷರ ಓದಿ ಹೇಳುತ್ತದೆ, ಬಣ್ಣದ ಮಾತನ್ನು ತಾನಾಗಿ ಎತ್ತುವುದಿಲ್ಲ.

"ಅಣ್ಣ, ನಿನ್ ಕೆಂಪು ಹಸಿರು ನೀನೇ ಇಟ್ಕೊ. ಪಕ್ಕದಲ್ಲಿ ಒಂದ್ ಕಾಲಂ ಮಾಡಿ ಬಾಡು, ಸಿಹಿ ಅಂತ ಬರಿ" ಎಂದೆ.

"ಎಷ್ಟ್ ಚೆಂದಾಗಿತ್ತು ಕಣೇ" ಎಂದು ಗೊಣಗುತ್ತಲೇ ಬರೆದ.

ಪಟ್ಟಿ ಎಷ್ಟುದ್ದ ಇದೆಯೆಂದು ಕಣ್ಣಿದ್ದವರು ಒಮ್ಮೆ ನೋಡಿ ತಿಳಿಯುತ್ತಾರೆ. ನಾವು ಕಂಟ್ರೋಲ್ ಹಿಡಿದು ಎಂಡ್ ಒತ್ತುತ್ತೇವೆ, ಬರೆದಿರುವ ಕೊನೆಯ ಚೌಕಕ್ಕೆ, ಅಂದರೆ ಸೆಲ್ಲಿಗೆ, ನೆಗೆಯುತ್ತೇವೆ. ಅಂದು ಒತ್ತಿದೆ, ಪಟ್ಟಿಯನ್ನೆಲ್ಲ ದಾಟಿ ಎಲ್ಲೋ ದೂರದ ಒಂದು ಸೆಲ್ಲಿಗೆ ಹೋಗಿ ಬಿದ್ದೆ. ಅಲ್ಲಿ ಹುಡುಗ ಬರೆದಿದ್ದ: "ಊಟ ಆಯ್ತಾ?"

ಒಬ್ಬಳೇ ಕಿಸಕ್ಕನೆ ನಕ್ಕೆ. ಅಲ್ಲಿಗೆ ಕಣ್ಣಿದ್ದ ಯಾವ ನೆಂಟ ಬಂದಾನು! ಫೋನ್ ಇರಲಿಲ್ಲವೇ ಎಂದರೆ ಇತ್ತು, ಆದರೆ ಕದ್ದ ಮಾವಿನಕಾಯಿಯ ರುಚಿಯೇ ಬೇರೆ. ದಿನವೂ ಆ ಮೂಲೆಯಲ್ಲಿ ನಮ್ಮ ಹರಟೆ ನಡೆಯಿತು. ಕೆಲಸ ಮುಗಿಸಿ ಮಂಡ್ಯದಿಂದ ಬೆಸಗರಹಳ್ಳಿಯ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲು ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಹುಚ್ಚು ಹಿಡಿದಿತ್ತು, ಅಷ್ಟೇ.

ಆದರೆ ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು. ಮಳವಳ್ಳಿಯ ಅತ್ತೆ, ಹುಡುಗನ ಅವ್ವ, ಆಗಲೇ ತೀರ್ಮಾನಿಸಿದ್ದರು: "ಇಬ್ರೂ ನಮ್ಮನೇಲೇ ಇರ್ಲಿ. ಕಣ್ಣಿಲ್ದೋರು ಒಲೆ ಮುಂದೆ ಎಂಗ್ ನಿಂತ್ಕೊಂಡಾರು?" ನನಗೋ ನನ್ನದೇ ಒಲೆ ಬೇಕಿತ್ತು. ಬಾಯಿಬಿಟ್ಟು ಹೇಳಲಾಗದೆ ಆ ಮೂಲೆಯಲ್ಲೇ ಬರೆದೆ: "ಮಂಡ್ಯದಲ್ಲಿ ನಾವಿಬ್ಬರೇ ಮನೆ ಮಾಡೋಣವಾ? ನಿಮ್ಮವ್ವನಿಗೆ ನೀನೇ ಹೇಳಬೇಕು." ಉತ್ತರ ಕೇಳಲು ಎದೆ ಸಾಲದೆ ಮತ್ತೆ ಶೀಟಿನ ಹತ್ತಿರ ಸುಳಿಯಲಿಲ್ಲ.

ಭಾನುವಾರ ಅತ್ತೆ, ಹುಡುಗ ಎಲ್ಲರೂ ಪಟ್ಟಿ ಅಂತಿಮ ಮಾಡಲು ನಮ್ಮ ಮನೆಗೆ ಬಂದರು. ಅಣ್ಣ ಮದ್ದೂರಿನಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಧೊಪ್ಪನೆ ಒಂದು ಕಟ್ಟು ಇಟ್ಟ.

"ನಾಕ್ ಹಾಳೆ ಪಟ್ಟಿಗೆ ಇಷ್ಟ್ ದಪ್ಪ ಬಂದದೆ! ಬರೀ ಬಿಳೀ ಹಾಳೆ. ಜೆರಾಕ್ಸ್ ಅಂಗಡಿಯೋನು ಮಿಷಿನ್ನಿಗೆ ಎರಡ್ ಸತಿ ಗುದ್ದಿದ."

ನನಗೆ ಆಗಲೇ ಹೊಳೆಯಿತು. ನಾವು ಹರಟಿದ ಕೊನೆಯ ಸೆಲ್ಲಿನವರೆಗೂ, ನಡುವಿನ ಖಾಲಿಯೆಲ್ಲ ಸೇರಿ, ಪ್ರಿಂಟ್ ಆಗಿತ್ತು. ನಾನು ತಡೆಯುವಷ್ಟರಲ್ಲಿ ಅಣ್ಣ ಕೊನೆಯ ಹಾಳೆ ಎತ್ತಿ, ನನ್ನ ಪ್ರಶ್ನೆಯನ್ನು ಊರಿಗೆಲ್ಲ ಕೇಳುವಂತೆ ಓದಿಬಿಟ್ಟ. ಅದರ ಕೆಳಗೆ ನಾನಿನ್ನೂ ಕೇಳಿರದ ಉತ್ತರವಿತ್ತು, ಅದನ್ನೂ ಓದಿದ:

"ಮಾಡೋಣ. ಅವ್ವಂಗೆ ಹೇಳೋಕೆ ಭಯ ಆಯ್ತದೆ. ನೀನೇ ಹೇಳ್ಬುಡು."

ಹುಡುಗ ಸುಮ್ಮಸುಮ್ಮನೆ ಕೆಮ್ಮಿದ.

"ಮುದ್ದೆ ತಿರುವಕ್ ಬತ್ತದಾ?" ಅತ್ತೆ ನನ್ನನ್ನೇ ಕೇಳಿದರು.

"ಬತ್ತದೆ ಅತ್ತೆ. ದಿನಾ ನಾನೇ ತಿರುವೋದು."

ಅವರ ಬಳೆ ಸದ್ದಾಯಿತು, ಹತ್ತಿರ ಸರಿದು ನನ್ನ ಕೈ ಹಿಡಿದು ಅಂಗೈ ಸವರಿದರು.

"ಅಂಗಾರೆ ಮಂಡ್ಯಕ್ ಹೋದ್ಮೇಲೆ ಇವ್ನಿಗೂ ಕಲ್ಸವ್ವ. ಕಣ್ಣಿಲ್ಲ ಅಂತ ಒಲೆ ತಾವ ಬುಡ್ದೇ ನಾನೇ ಕೆಡಿಸ್ಬುಟ್ಟೆ."