ನೆಡ್ರಾ ಒದ್ದು ಕೆಡವಿದ ಕಲ್ಲುಗುಪ್ಪೆಗಳು

ದಾರಿಯ ಗುರುತಿಗೆಂದು ಪ್ರವಾಸಿಗರು ಬಂಡೆಯ ಮೇಲೆ ಪೇರಿಸಿಟ್ಟ ಕಲ್ಲುಗುಪ್ಪೆ ಕಂಡರೆ ನಮ್ಮೂರವರಿಗೆ ಮೈಯೆಲ್ಲ ಉರಿ. ಅಮೆರಿಕದ ಯೂಟಾ ರಾಜ್ಯದ ಈ ಕೆಂಪು ಕೊರಕಲುಗಳಲ್ಲಿ ಹುಟ್ಟಿ ಬೆಳೆದವರಿಗೆ ದಾರಿ ತೋರಿಸಲು ಇವರ್ಯಾರು? ಕಂಡಲ್ಲಿ ಒದ್ದು ಕೆಡವುತ್ತೇವೆ. ಈ ಕೆಲಸದಲ್ಲಿ ನೆಡ್ರಾಳನ್ನು ಮೀರಿಸುವವರಿರಲಿಲ್ಲ. ಅರವತ್ಮೂರು ವರ್ಷ, ಗಟ್ಟಿ ಜೀವ. ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದರೂ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ. ಸೀಟಿನಿಂದ ಎದ್ದ ಹುಡುಗರನ್ನು ಕನ್ನಡಿಯಲ್ಲೇ ಕಣ್ಣು ಬಿಟ್ಟು ಕೂರಿಸುತ್ತಿದ್ದಳು.

ಆದರೆ ಆಗಸ್ಟಿನ ಆ ಶನಿವಾರ ಅವಳು ಕಲ್ಲು ಒದ್ದದ್ದು ಸಿಟ್ಟಿಗಲ್ಲ, ಹೆದರಿಕೆಗೆ. ಜೂನ್‌ನಲ್ಲಿ ಒಲೆಯ ಮೇಲೆ ಜಾಮ್ ಇಟ್ಟು ಮರೆತಿದ್ದಳು. ಹೋಗಲಿ, ಯಾರು ಮರೆಯುವುದಿಲ್ಲ? ಜುಲೈನಲ್ಲಿ ಮಾತ್ರ, ಚರ್ಚಿನಿಂದ ಮನೆಗೆ ಬರುವಾಗ, ನಾಲ್ಕೇ ಬೀದಿಯ ಈ ಊರಲ್ಲಿ ಯಾವ ಕಡೆ ತಿರುಗಬೇಕೆಂದು ತಿಳಿಯದೆ ಪಿಕಪ್ ನಿಲ್ಲಿಸಿ ಕೂತುಬಿಟ್ಟಳು. ಅವಳ ಅಮ್ಮನಿಗೂ ಹೀಗೇ ಶುರುವಾಗಿತ್ತು. ಕೊನೆಕೊನೆಗೆ ಆ ತಾಯಿ ಹೆತ್ತ ಮಗಳನ್ನೇ "ಯಾರಮ್ಮಾ ನೀನು?" ಎಂದು ಕೇಳುತ್ತಿದ್ದಳು.

ಗಂಡ ವರ್ಲ್‌ನ ಹತ್ತಿರವೂ ನೆಡ್ರಾ ಬಾಯಿ ಬಿಡಲಿಲ್ಲ. ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡಳು. ಚಿಕ್ಕಂದಿನಲ್ಲಿ ಅಪ್ಪನ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಜೋಡಿ ಕಮಾನು ಎಂಬ ಬಂಡೆಗಳ ಹತ್ತಿರ ಹೋಗಿ, ಯಾರ ಗುರುತಿನ ಹಂಗೂ ಇಲ್ಲದೆ ಸಂಜೆಯೊಳಗೆ ವಾಪಸು ಬಂದರೆ ತಲೆ ಸರಿಯಿದೆ ಎಂದು ಲೆಕ್ಕ. ಸೋಮವಾರ ಶಾಲೆ ಶುರುವಾದಾಗ ಧೈರ್ಯವಾಗಿ ಬಸ್ ಹತ್ತಬಹುದು. ಬರಲಾಗದಿದ್ದರೆ? ಅದನ್ನು ಯೋಚಿಸಲು ಅವಳಿಗೆ ಧೈರ್ಯ ಸಾಲಲಿಲ್ಲ.

ಒಬ್ಬಳೇ ಹೋಗಬೇಕೆಂದಿದ್ದಳು. ವರ್ಲ್‌ನ ತಂಗಿ ಲರೂ ಗಂಟುಬಿದ್ದಳು.

"ಸಾಕು ಮಾರಾಯ್ತಿ, ಆ ಪಾಪದ ಕಲ್ಲುಗಳು ನಿಂಗೇನು ಮಾಡಿದ್ವು?" ಎಂದು ಹಿಂದಿನಿಂದ ಲರೂ ಕೂಗಿದಳು.

"ಕಣ್ಣಿದ್ದೋರಿಗೆ ಇವು ಯಾಕೆ ಬೇಕು?"

"ಅಷ್ಟೊಂದು ಗತ್ತು ಬೇಡಮ್ಮ. ಸ್ವಲ್ಪ ನಿಧಾನ, ನನ್ ಮಂಡಿ ನೋಯ್ತಿದೆ." ಅವಳು ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಹಿಂದೆ ಉಳಿಯುತ್ತಿದ್ದಳು.

ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಕಮಾನಿನ ನೆರಳಲ್ಲಿ ತಲೆ ತಗ್ಗಿಸಿ ಪ್ರಾರ್ಥಿಸಿ, ಹ್ಯಾಮ್ ಇಟ್ಟ ಬ್ರೆಡ್ಡು, ಬಾಟಲಿಯಲ್ಲಿ ಹಾಕಿಟ್ಟಿದ್ದ ಪೀಚ್ ಹಣ್ಣು ತಿಂದರು. ನೆಡ್ರಾಳ ಮನಸ್ಸು ಹಗುರಾಯಿತು. ಸುಮ್ಮನೆ ಹೆದರಿದ್ದೆ ಎಂದುಕೊಂಡಳು. ಅಷ್ಟರಲ್ಲಿ ದಕ್ಷಿಣದಲ್ಲಿ ಮೋಡ ಕಪ್ಪಿಟ್ಟಿತು, ಗುಡುಗು ಕೇಳಿಸಿತು.

"ಏಳು ಏಳು. ಮಳೆ ಬಂದ್ರೆ ಕೆಳಗಿನ ಹಳ್ಳ ದಾಟೋಕಾಗಲ್ಲ," ಎಂದು ನೆಡ್ರಾ ಎದ್ದಳು.

ಎದ್ದು ಇಪ್ಪತ್ತು ನಿಮಿಷವಾಗಿರಬಹುದು. ಒಣಗಿದ ಜುನಿಪರ್ ಮರವೊಂದರ ಪಕ್ಕದ ಬೋಳು ಬಂಡೆಯ ಮೇಲೆ ಅವಳ ಕಾಲು ನಿಂತಿತು. ಎದುರಿಗೆ ಬಂಡೆ, ಎಡಕ್ಕೆ ಬಂಡೆ, ಬಲಕ್ಕೂ ಬಂಡೆ, ಎಲ್ಲ ಒಂದೇ ಕೆಂಪು. ಸಾವಿರ ಸಲ ಓಡಾಡಿದ ಜಾಗ, ಇವತ್ತೇ ಮೊದಲ ಸಲ ನೋಡಿದಂತಿತ್ತು. ಹಿಂದಿರುವವಳಿಗೆ ಗೊತ್ತಾಗಬಾರದು! ಏನೂ ಆಗಿಲ್ಲವೆಂಬಂತೆ ಬಲಕ್ಕೆ ತಿರುಗಿ ಬೀಸುಗಾಲು ಹಾಕಿದಳು.

"ಇದೇ ದಾರಿನಾ?" ಲರೂ ಕೇಳಿದಳು.

"ಬಾಯ್ಮುಚ್ಕೊಂಡು ಬಾ."

ಬಂಡೆ ಇಳಿಜಾರಾಯಿತು. ಹನಿ ಬೀಳತೊಡಗಿತು, ಕಾಲಡಿ ಜಾರತೊಡಗಿತು. ನೆಡ್ರಾ ಒಂದು ತಿರುವು ದಾಟಿದ್ದೇ ಮುಂದೆ ನೆಲವೇ ಇರಲಿಲ್ಲ. ಅರವತ್ತು ಅಡಿ ಕೆಳಗೆ ಕಲ್ಲುಗುಂಡುಗಳು ಬಿದ್ದಿದ್ದವು. ಹಿಂದೆಯೇ ಬಂದ ಲರೂಳ ಬೂಟು ಜಾರಿತು. ಕೂತ ಭಂಗಿಯಲ್ಲೇ ಅವಳು ಅಂಚಿನತ್ತ ಸರ್ರನೆ ಹೋಗುತ್ತಿದ್ದಾಗ ನೆಡ್ರಾ ಅವಳ ಚೀಲದ ಪಟ್ಟಿಗೆ ಕೈಹಾಕಿ, ಬಂಡೆಯ ಸೀಳಿಗೆ ಹಿಮ್ಮಡಿ ಕೊಟ್ಟು ಎಳೆದಳು. ಇಬ್ಬರೂ ಬಂಡೆಗೆ ಅಂಟಿಕೊಂಡು ಏದುಸಿರು ಬಿಟ್ಟರು.

"ಲರೂ," ಎಂದಳು ನೆಡ್ರಾ, "ನಂಗೆ ದಾರಿ ಗೊತ್ತಿಲ್ಲ ಕಣೇ. ಎಲ್ಲಿದ್ದೀವಿ ಅಂತ್ಲೇ ಗೊತ್ತಿಲ್ಲ."

"ಗೊತ್ತು," ಎಂದಳು ಲರೂ. "ಜುಲೈನಲ್ಲಿ ನೀನು ಬೀದೀಲಿ ಪಿಕಪ್ ನಿಲ್ಲಿಸ್ಕೊಂಡು ಅಳ್ತಾ ಕೂತಿದ್ದು ನೋಡಿದ್ದೆ. ನೀನೇ ಹೇಳ್ತೀಯ ಅಂತ ಕಾದೆ. ಬೆಳಗ್ಗೆ ನೀನು ಕೆಡವ್ಕೊಂಡು ಹೋದ ಗುಪ್ಪೆಗಳ ಜಾಗದಲ್ಲೆಲ್ಲ ಮೂರ್ಮೂರು ಕಲ್ಲು ಇಟ್ಕೊಂಡು ಬಂದಿದ್ದೀನಿ. ಆ ಒಣಗಿದ ಜುನಿಪರ್ ಮರದ ಹತ್ರ ನಾವು ದಾರಿ ಬಿಟ್ವಿ. ನಿಂಗೇ ಹೊಳೀಬಹುದು ಅಂತ ಆಗ ಬಾಯಿ ಬಿಡ್ಲಿಲ್ಲ. ತಪ್ಪಾಯ್ತು, ಇಬ್ಬರೂ ಸಾಯ್ತಿದ್ವಿ."

ಇನ್ನೊಂದು ದಿನವಾಗಿದ್ದರೆ ನೆಡ್ರಾ ಅವಳ ಗ್ರಹಚಾರ ಬಿಡಿಸುತ್ತಿದ್ದಳು. ಈಗ ಸಣ್ಣ ಹುಡುಗಿಯ ಹಾಗೆ ಅವಳ ಕೈ ಹಿಡಿದು ಮರದ ತನಕ ಹಿಂದಕ್ಕೆ ಹತ್ತಿದಳು. ಅಲ್ಲಿ ಮೂರು ಕಲ್ಲು ಸಿಕ್ಕಿತು, ಮುಂದೆ ಮತ್ತೆ ಮೂರು. ಒಂದೊಂದು ಸಿಕ್ಕಾಗಲೂ ಅವಳಿಗೆ ಅಳು ಒತ್ತಿ ಬರುತ್ತಿತ್ತು. ಅವುಗಳನ್ನು ಬಿಟ್ಟರೆ ಆ ಬಂಡೆಗಳಲ್ಲಿ ಒಂದೂ ಅವಳ ಗುರುತಿಗೆ ಬರಲಿಲ್ಲ. ಕೆಂಪು ನೀರು ಮೊಣಕಾಲಿಗೆ ಬರುವಷ್ಟರಲ್ಲಿ ಹಳ್ಳ ದಾಟಿದರು. ಹಿಂದೆಯೇ ದೊಡ್ಡ ಪ್ರವಾಹ ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬಂತು.

ಪಿಕಪ್ಪಿನ ಕೀಲಿಯನ್ನು ನೆಡ್ರಾ ತಾನಾಗಿಯೇ ಲರೂಳ ಕೈಗೆ ಕೊಟ್ಟಳು. ಊರು ಹತ್ತಿರವಾಗುತ್ತಿದ್ದಂತೆ ಲರೂ ಮೆಲ್ಲಗೆ ಹೇಳಿದಳು, "ನಾನು ಯಾರಿಗೂ ಹೇಳಲ್ಲ. ನಾಳೆ ಚರ್ಚ್ ಮುಗಿಸ್ಕೊಂಡು ನಿಧಾನವಾಗಿ ಕೂತು ಯೋಚ್ನೆ ಮಾಡೋಣ."

"ನಾಳೆ ಬೇಡ. ಈಗ್ಲೇ ಡೀವನ್ ಮನೆಗೆ ಬಿಡು." ಡೀವನ್ ಸ್ಕೂಲ್ ಬಸ್ಸುಗಳ ಮೇಲ್ವಿಚಾರಕ.

"ಈ ಅವತಾರದಲ್ಲಾ? ಮೈಯೆಲ್ಲ ಕೆಸರು!"

ನೆಡ್ರಾ ಅವಳತ್ತ ತಿರುಗಿದಳು. "ನಾಳೆ ಏಳೋಷ್ಟೊತ್ತಿಗೆ, ಇವತ್ತು ದಾರಿ ತಪ್ಪಿದ್ದೇ ನಂಗೆ ಮರ್ತುಹೋಗಿದ್ರೆ? ಸೋಮವಾರ ಆರಾಮಾಗಿ ಬಸ್ ಹತ್ತಿಬಿಡ್ತೀನಿ ಲರೂ. ಆ ಮಕ್ಕಳನ್ನೆಲ್ಲ ಹಿಂದೆ ಕೂರಿಸ್ಕೊಂಡು."

ಲರೂ ಡೀವನ್ ಮನೆಯ ಕಡೆಗೆ ಗಾಡಿ ತಿರುಗಿಸಿದಳು.